ಬಡ ಮಣ್ಣಿನಲ್ಲಿ ಬಳ್ಳಿಗೆಣಸು: ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ನಾಗಮಂಗಲ, ಕೆ.ಆರ್. ಪೇಟೆ, ಹುಣಸೂರು ಕಡೆಯ ಬೆಳೆಗಾರರಿಂದ ಒಂದೇ ಥರದ ಮಾತು ಕೇಳಿಬರುತ್ತದೆ. “ಅಣ್ಣಾ, ಹೆಗ್ಗೆಣಸು ಹಳದಿಗೆ ತಿರುಗೈತೆ, ಎಷ್ಟು ಯೂರಿಯಾ ಕೊಡ್ಲಿ?” ಕೊಡುವ ಮೊದಲು ಸ್ವಲ್ಪ ನಿಲ್ಲಿ. ಬಳ್ಳಿ ಹಳದಿಯಾಗಲು ಹಸಿವೂ ಕಾರಣ, ನೀರು ನಿಂತಿದ್ದೂ ಕಾರಣ, ಸುಣ್ಣದ ಮಣ್ಣೂ ಕಾರಣ, ಬೇರಿನ ಜಂತುಹುಳುವೂ ಕಾರಣ. ಡಿಸೆಂಬರಿನಲ್ಲಾದರೆ ಅದು ತೊಂದರೆಯೇ ಅಲ್ಲ, ಬೆಳೆ ಬಲಿತಿದೆ ಅಷ್ಟೇ. ಮಣ್ಣು ಬಡವಾಗಿದೆ ಅನ್ನುವುದು ನಿಜವೇ ಇರಬಹುದು. ಆದರೆ ಆ ಒಂದು ಮಾತಿನ ಹಿಂದೆ ಬೇರೆ ನಾಲ್ಕು ತೊಂದರೆಗಳು ಮರೆಯಾಗಿಬಿಡುತ್ತವೆ.

ಇಲ್ಲಿ ಹೇಳುತ್ತಿರುವುದು ಸಂಕ್ರಾಂತಿಗೆ ಅವರೆಕಾಯಿ ಜೊತೆ ಬೇಯಿಸುವ ಸಿಹಿಗೆಣಸಿನ ಮಾತಲ್ಲ, ಸುವರ್ಣಗೆಡ್ಡೆಯ ಮಾತೂ ಅಲ್ಲ. ಆಸರೆಗೆ ಹಬ್ಬುವ ಬಳ್ಳಿಗೆಣಸುಗಳು: ಚೌಕಾಕಾರದ, ಅಂಚಿನಲ್ಲಿ ರೆಕ್ಕೆಯಿರುವ ಕಾಂಡದ ಹೆಗ್ಗೆಣಸು, ಬುಡದಲ್ಲಿ ಮುಳ್ಳಿರುವ, ಗೊಂಚಲಾಗಿ ಸಣ್ಣ ಗೆಡ್ಡೆ ಬಿಡುವ ಮುಳ್ಳುಗೆಣಸು, ಆಫ್ರಿಕಾ ಮೂಲದ ಬಿಳಿ ಬಳ್ಳಿಗೆಣಸು. ಮೂರೂ ಡಯಾಸ್ಕೋರಿಯಾ ಕುಲದವು. ಆದರೆ ಬಡ ಮಣ್ಣನ್ನು ಮೂರೂ ಒಂದೇ ಥರ ತಾಳಿಕೊಳ್ಳುವುದಿಲ್ಲ.

ಮೊದಲು ಕೇಳಬೇಕಾದ್ದು: ಯಾವಾಗ ಶುರುವಾಯಿತು?

ಯಾವ ಎಲೆ, ಯಾವ ಬಣ್ಣ ಅನ್ನುವುದಕ್ಕಿಂತ ಮೊದಲು ತೊಂದರೆ ಕಾಣಿಸಿದ ಹೊತ್ತು ಯಾವುದು ಅಂತ ನೆನಪು ಮಾಡಿಕೊಳ್ಳಿ. ಬಳ್ಳಿಗೆಣಸಿನ ವಿಚಾರದಲ್ಲಿ ಇದೇ ದೊಡ್ಡ ಸುಳಿವು.

ನೆಟ್ಟ ಗೆಡ್ಡೆಯ ತುಂಡು ಅನ್ನುವುದು ಗಿಡ ಕಟ್ಟಿಕೊಂಡು ಬಂದ ಬುತ್ತಿ. ಮೊಳಕೆ ಬಂದ ಮೇಲೆ ಆರರಿಂದ ಎಂಟು ವಾರ ಬಳ್ಳಿ ಹೆಚ್ಚಾಗಿ ಅದನ್ನೇ ತಿಂದು ಬೆಳೆಯುತ್ತದೆ. ಹಾಗಾಗಿ ಎಂಥ ಗರಸು ನೆಲದಲ್ಲೂ ಶುರುವಿನಲ್ಲಿ ಬಳ್ಳಿ ಚೆನ್ನಾಗಿಯೇ ಇರುತ್ತದೆ. ನೋಡಿದವರು “ಮಣ್ಣು ಪರವಾಗಿಲ್ಲ” ಅಂದುಕೊಳ್ಳುತ್ತಾರೆ. ಬುತ್ತಿ ಮುಗಿದು, ಬೇರು ತಾನೇ ದುಡಿದು ತರಬೇಕಾದಾಗ ಮಣ್ಣಿನ ಬಡತನ ಬಯಲಾಗುತ್ತದೆ. ಭರಣಿ ಮಳೆಗೆ ನೆಟ್ಟರೆ ಇದು ಜುಲೈ ಕೊನೆ ಅಥವಾ ಆಗಸ್ಟ್ ಹೊತ್ತಿಗೆ ಕಾಣಿಸುತ್ತದೆ.

ಆದ್ದರಿಂದ ಮೊಳಕೆ ಬಂದ ಮೊದಲ ತಿಂಗಳಲ್ಲೇ ಬಳ್ಳಿ ಸೊರಗಿದರೆ ಅದು ಮಣ್ಣಿನ ಹಸಿವಲ್ಲ. ಬಿತ್ತನೆ ತುಂಡು ತೀರಾ ಚಿಕ್ಕದಿರಬಹುದು, ಕೊಳೆಯುತ್ತಿರಬಹುದು, ಗೆದ್ದಲು ತಿನ್ನುತ್ತಿರಬಹುದು. ಗೊಬ್ಬರದ ಚೀಲ ಬಿಚ್ಚುವ ಬದಲು ಒಂದು ಬುಡ ಅಗೆದು ತುಂಡನ್ನು ನೋಡಿ. ಗಟ್ಟಿಯಾಗಿದ್ದರೆ ಸರಿ. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕೊಳೆ. ಒಳಗೆ ಮಣ್ಣು ತುಂಬಿ ಟೊಳ್ಳಾಗಿದ್ದರೆ ಗೆದ್ದಲು. ಕೆಂಪು ನೆಲದಲ್ಲಿ ಮೇ ತಿಂಗಳ ಮಳೆ ಕೈಕೊಟ್ಟು ನೆಲ ಒಣಗಿದಾಗ ಗೆದ್ದಲಿನ ಕಾಟ ಜಾಸ್ತಿ.

ಎರಡು ತಿಂಗಳು ಕಳೆದ ಮೇಲೆ, ಇಡೀ ತಾಕಿನಲ್ಲಿ ಒಟ್ಟೊಟ್ಟಿಗೆ ಬಳ್ಳಿ ಬಣ್ಣ ಕಳೆದುಕೊಂಡರೆ ಆಗ ಹಸಿವಿನ ಅನುಮಾನ ಪಡಿ. ಅಲ್ಲೊಂದು ಇಲ್ಲೊಂದು ತೇಪೆಯಾಗಿ ಕಂಡರೆ ನೀರು ಅಥವಾ ಜಂತುಹುಳು. ನಾಲ್ಕು ದಿನ ಜಡಿಮಳೆ ಹಿಡಿದ ಮೇಲೆ ಇದ್ದಕ್ಕಿದ್ದಂತೆ ಎಲೆ ಕಪ್ಪಾದರೆ ರೋಗ.

ಮೊಳಕೆಯೇ ಬಂದಿಲ್ಲ, ಅಥವಾ ಹಿಂದೆಮುಂದೆ ಬಂದಿದೆ

ಗೆಡ್ಡೆ ಬಲಿತ ಮೇಲೆ ಎರಡರಿಂದ ನಾಲ್ಕು ತಿಂಗಳು ಮಲಗುತ್ತದೆ. ಜನವರಿಯಲ್ಲಿ ಕಿತ್ತ ಗೆಡ್ಡೆಯನ್ನು ಬೋರ್‌ವೆಲ್ ನೀರಿದೆ ಅಂತ ಫೆಬ್ರವರಿಯಲ್ಲೇ ನೆಟ್ಟರೆ ಅದು ಎದ್ದೇಳುವುದಿಲ್ಲ. ಒದ್ದೆ ಮಣ್ಣಿನಲ್ಲಿ ಸುಮ್ನೆ ಕೂತು ಕೊಳೆಯುತ್ತದೆ. ಏಪ್ರಿಲ್ ವೇಳೆಗೆ ಗೆಡ್ಡೆಯ ತಲೆಯಲ್ಲಿ ಕಣ್ಣು ಉಬ್ಬುವುದು ಕಾಣಿಸುತ್ತದೆ. ಅದನ್ನು ನೋಡಿಕೊಂಡು ಕತ್ತರಿಸಿ ನೆಡಬೇಕು. ಭರಣಿ, ಕೃತ್ತಿಕೆ ಮಳೆಗಳು ನಮ್ಮ ಭಾಗಕ್ಕೆ ಹೊಂದುವ ಕಾಲ.

ಒಂದೇ ದಿನ ನೆಟ್ಟರೂ ಕೆಲವು ಬುಡ ಬೇಗ ಚಿಗುರಿ, ಕೆಲವು ಮೂರ್ನಾಲ್ಕು ವಾರ ತಡವಾಗುತ್ತವೆ. ಇದಕ್ಕೆ ಮಣ್ಣನ್ನು ದೂರಬೇಡಿ. ತಲೆಭಾಗದ ತುಂಡು ಮೊದಲು ಚಿಗುರುತ್ತದೆ, ನಡುಭಾಗ ಮತ್ತು ಬಾಲದ ತುಂಡುಗಳು ನಿಧಾನ. ತಲೆಯದ್ದನ್ನು ಒಂದು ಸಾಲಿಗೆ, ಉಳಿದದ್ದನ್ನು ಬೇರೆ ಸಾಲಿಗೆ ನೆಟ್ಟರೆ ಗೊಬ್ಬರ ಕೊಡುವುದೂ ಕಳೆ ತೆಗೆಯುವುದೂ ಸುಲಭ. ಹೆಗ್ಗಡದೇವನಕೋಟೆ ಕಾಡಂಚಿನ ಜೇನುಕುರುಬರು ಕಾಡುಗೆಣಸು ಅಗೆದ ಮೇಲೆ ತಲೆಭಾಗವನ್ನು ಮತ್ತೆ ಮಣ್ಣಿನಲ್ಲಿ ಮುಚ್ಚಿ ಬರುತ್ತಾರೆ. ಬಳ್ಳಿ ಮತ್ತೆ ಅಲ್ಲಿಂದಲೇ ಬರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಬಡ ಮಣ್ಣಿನವರು ಬಿತ್ತನೆ ಉಳಿಸಲು ಹೋಗಿ 100 ಗ್ರಾಮಿನ ತುಂಡು ಹಾಕುತ್ತಾರೆ. ಫಲವತ್ತಾದ ತೋಟದಲ್ಲಿ ಇದು ಹೇಗೋ ನಡೆದೀತು, ಗರಸು ನೆಲದಲ್ಲಿ ನಡೆಯುವುದಿಲ್ಲ. ಹೆಗ್ಗೆಣಸಿಗೆ 250 ರಿಂದ 300 ಗ್ರಾಂ ತುಂಡು ಬೇಕು. ಮುಳ್ಳುಗೆಣಸಿಗೆ 100 ರಿಂದ 150 ಗ್ರಾಮಿನ ಇಡೀ ಗೆಡ್ಡೆ ಸಾಕು, ಅದನ್ನು ಕತ್ತರಿಸುವ ಕೆಲಸವೂ ಇಲ್ಲ. ಕತ್ತರಿಸಿದ ಮುಖಕ್ಕೆ ಒಲೆಬೂದಿ ಹಚ್ಚಿ, ನೆರಳಿನಲ್ಲಿ ಒಂದೆರಡು ದಿನ ಆರಲು ಬಿಡಿ. ಗಾಯ ಒಣಗದೆ ನೆಟ್ಟ ತುಂಡುಗಳೇ ಮೊದಲು ಕೊಳೆಯುವುದು.

ಎಲೆ ಹಳದಿ: ಯಾವ ಎಲೆ, ಹಳದಿ ಎಲ್ಲಿಂದ ಶುರು?

ತುಂಬಾ ಜನ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಬುಡದ ಹಳೆ ಎಲೆಗಳು ಮೊದಲು ಹಳದಿಯಾಗಿ, ಇಡೀ ಎಲೆ ಒಂದೇ ಸಮ ಬಣ್ಣ ಕಳೆದುಕೊಂಡಿದ್ದರೆ ಸಾರಜನಕದ ಕೊರತೆ. ಗಿಡ ಹಳೆ ಎಲೆಯಿಂದ ಸಾರಜನಕ ಎಳೆದು ತುದಿಗೆ ಕಳಿಸುತ್ತದೆ, ಅದಕ್ಕೇ ಕೆಳಗಿನ ಎಲೆ ಮೊದಲು ಸಾಯುತ್ತದೆ. ಖಚಿತ ಮಾಡಿಕೊಳ್ಳಲು ಇಡೀ ಹೊಲಕ್ಕೆ ಗೊಬ್ಬರ ಚೆಲ್ಲಬೇಕಿಲ್ಲ. ಒಂದು ಲೀಟರ್ ನೀರಿಗೆ 10 ಗ್ರಾಂ ಯೂರಿಯಾ ಕರಗಿಸಿ, ನಾಲ್ಕೈದು ಬಳ್ಳಿಗೆ ಮಾತ್ರ ಸಂಜೆ ಹೊತ್ತು ಸಿಂಪಡಿಸಿ. ಪಕ್ಕದ ಬಳ್ಳಿಗಳನ್ನು ಹಾಗೆಯೇ ಬಿಡಿ. ಒಂದು ವಾರದಲ್ಲಿ ಸಿಂಪಡಿಸಿದ ಬಳ್ಳಿ ಹಸಿರು ತಿರುಗಿದರೆ ಹಸಿವು ಅಂತ ಗೊತ್ತಾಯಿತು. ತಿರುಗದಿದ್ದರೆ ಯೂರಿಯಾದ ದುಡ್ಡು ಉಳಿಯಿತು, ಅಲ್ವಾ?

ಹಳೆ ಎಲೆಯೇ, ಆದರೆ ನಡುವೆ ಹಸಿರಿದ್ದು ಅಂಚು ಮಾತ್ರ ಹಳದಿಯಾಗಿ ಆಮೇಲೆ ಸುಟ್ಟಂತೆ ಕಂದು ತಿರುಗಿದರೆ ಪೊಟ್ಯಾಷ್ ಕೊರತೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಇದು ಸಾಮಾನ್ಯ. ಗೆಡ್ಡೆ ಬೆಳೆಗೆ ಪೊಟ್ಯಾಷ್ ಕೊರತೆಯಾದರೆ ಪೆಟ್ಟು ದೊಡ್ಡದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗೆಡ್ಡೆಗೆ ಇಳಿಸುವ ಕೆಲಸಕ್ಕೆ ಅದು ಬೇಕೇ ಬೇಕು. ಯೂರಿಯಾ ಮಾತ್ರ ಕೊಟ್ಟು ಪೊಟ್ಯಾಷ್ ಬಿಟ್ಟವರ ಹೊಲದಲ್ಲಿ ಈ ಲಕ್ಷಣ ಕಂಡರೆ ಆಶ್ಚರ್ಯವಿಲ್ಲ. ಹಳೆ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ ಕಡೆ ನೋಡಿ.

ಹೊಸ ಎಲೆ, ಕುಡಿ ಎಲೆಗಳೇ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಯಾಗಿ ಉಳಿದಿದ್ದರೆ ಕಥೆ ಪೂರ್ತಿ ಬೇರೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ರಸಸಾರ (pH) 8 ದಾಟಿದ ಚೌಳು ಅಥವಾ ಸುಣ್ಣದ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದಿಲ್ಲ. ನಾಲೆ ಬಯಲಿನ ಚೌಳು ತಾಕುಗಳಲ್ಲಿ, ತಿ. ನರಸೀಪುರ, ನಂಜನಗೂಡು ಕಡೆಯ ಎರೆಭೂಮಿಯಲ್ಲಿ ಇದನ್ನು ಮೊದಲು ಪರೀಕ್ಷಿಸಿ. ಮಣ್ಣಿನ ಮೇಲೆ ಸ್ವಲ್ಪ ವಿನಿಗರ್ ಹಾಕಿದರೆ ಬುರುಬುರು ನೊರೆ ಬರುತ್ತದೆಯೇ ನೋಡಿ. ಬಂದರೆ ಸುಣ್ಣದ ಅಂಶವಿದೆ. ಆಮೇಲೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ, ನಾಲ್ಕು ಹನಿ ನಿಂಬೆರಸ ಸೇರಿಸಿ, ಕೆಲವು ಎಲೆಗಳ ಅರ್ಧಕ್ಕೆ ಮಾತ್ರ ಬಟ್ಟೆಯಲ್ಲಿ ಹಚ್ಚಿ. ಎಂಟ್ಹತ್ತು ದಿನದಲ್ಲಿ ಹಚ್ಚಿದ ಅರ್ಧ ಹಸಿರಾಗಿ ಇನ್ನರ್ಧ ಹಳದಿಯಾಗಿಯೇ ಉಳಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಇಂಥ ಕಡೆ ಯೂರಿಯಾ ಎಷ್ಟು ಸುರಿದರೂ ಕುಡಿ ಹಸಿರಾಗುವುದಿಲ್ಲ.

ಎಲೆ ಹಳದಿಯಾಗಿದೆ, ಜೊತೆಗೆ ಮಣ್ಣು ಹಸಿಯಿದ್ದರೂ ಬಳ್ಳಿ ಜೋತುಬಿದ್ದಿದೆ ಅಂದರೆ ಬೇರಿಗೆ ಉಸಿರಾಡಲು ಆಗುತ್ತಿಲ್ಲ. ಗದ್ದೆ ಬಯಲಿನಲ್ಲಿ ಇದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಬಳ್ಳಿಯ ಪಕ್ಕ ಒಂದು ಅಡಿ ಆಳದ ಗುಂಡಿ ತೆಗೆದು ಸಂಜೆ ನೀರು ತುಂಬಿಸಿ. ಬೆಳಿಗ್ಗೆ ನೀರು ಹಾಗೇ ನಿಂತಿದ್ದರೆ ಅಲ್ಲಿ ಬಳ್ಳಿಗೆಣಸು ಬದುಕುವುದಿಲ್ಲ. ಏರುಮಡಿ ಮಾಡಬೇಕು, ಇಲ್ಲವೇ ಬದುವಿನ ಮೇಲೆ ನೆಡಬೇಕು. ಗೊಬ್ಬರದಿಂದ ಇದು ಸರಿಹೋಗುವುದಿಲ್ಲ.

ಇನ್ನೊಂದು ಕಾರಣವನ್ನು ನಾವೇ ತಂದುಕೊಳ್ಳುತ್ತೇವೆ. ಮಂಡ್ಯ ಸುತ್ತ ಕಬ್ಬಿನ ತರಗಿಗೆ ಬರವಿಲ್ಲ. ಮಣ್ಣು ಬಡವಾಗಿದೆ ಅಂತ ಅದನ್ನು ಗುಂಡಿಗೆ ತುಂಬಿ, ಮೇಲೆ ಗೆಡ್ಡೆ ನೆಡುತ್ತಾರೆ. ಒಣ ತರಗು ಮಣ್ಣಿನೊಳಗೆ ಕೊಳೆಯುವಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇರುವ ಸಾರಜನಕವನ್ನೂ ತಾವೇ ಎಳೆದುಕೊಳ್ಳುತ್ತವೆ. ಬಡ ಮಣ್ಣು ಇನ್ನಷ್ಟು ಬಡವಾಗುತ್ತದೆ. ಅದೇ ತರಗನ್ನು ಮಣ್ಣಿನ ಮೇಲೆ ಹೊದಿಕೆಯಾಗಿ ಹಾಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಬಿಸಿಲಿಗೆ ತುಂಡು ಬೇಯುವುದೂ ತಪ್ಪುತ್ತದೆ. ತೆಂಗಿನ ನಾರಿನ ಹಸಿ ಪುಡಿಗೂ ಇದೇ ಮಾತು.

ಎಲೆ, ಕುಡಿ ಕಪ್ಪಾಗುತ್ತಿದೆ

ಇದು ಚಿಬ್ಬು ರೋಗ. ಮಳೆ, ಮೋಡ, ತೇವದ ದಿನಗಳಲ್ಲಿ ಎಲೆಯ ಮೇಲೆ ಕಂದು ಚುಕ್ಕೆ, ಸುತ್ತ ಹಳದಿ ಉಂಗುರ, ಆಮೇಲೆ ನರಗಳು ಕಪ್ಪಾಗಿ ಕುಡಿ ಒಣಗುತ್ತದೆ. ಮೂರು ಜಾತಿಗಳಲ್ಲಿ ಹೆಗ್ಗೆಣಸಿಗೇ ಇದರ ಕಾಟ ಹೆಚ್ಚು. ನೆಲದ ಮೇಲೆ ಹರಡಿದ ಬಳ್ಳಿಯಲ್ಲಿ ಬೇಗ ಹಬ್ಬುತ್ತದೆ. ಯಾಕೆಂದರೆ ಮಳೆಹನಿ ಬಡಿದು ಮಣ್ಣು ಎಲೆಗೆ ಸಿಡಿಯುತ್ತದೆ, ಗಾಳಿಯೂ ಆಡುವುದಿಲ್ಲ. ಮೊಳಕೆ ಬಂದ ಹದಿನೈದು ದಿನದೊಳಗೆ ಆಸರೆ ಕೊಡುವುದೇ ಮೊದಲ ಔಷಧಿ. ರೋಗ ಬಿದ್ದ ಎಲೆ, ಬಳ್ಳಿಯನ್ನು ತಾಕಿನಿಂದ ಹೊರಗೆ ಹಾಕಿ, ಹೊದಿಕೆಗೆ ಬಳಸಬೇಡಿ. ಹಸಿವಿನಿಂದ ಸೊರಗಿದ ಬಳ್ಳಿಯಲ್ಲಿ ಒಂದು ಎಲೆ ಹೋದರೆ ಬದಲಿ ಎಲೆ ಬರುವುದು ನಿಧಾನ. ಅದಕ್ಕೇ ಬಡ ಮಣ್ಣಿನಲ್ಲಿ ಇದರ ಪೆಟ್ಟು ದುಪ್ಪಟ್ಟು ಕಾಣುತ್ತದೆ. ಶಿಲೀಂಧ್ರನಾಶಕ ಬೇಕೇ ಬೇಡವೇ ಅನ್ನುವುದನ್ನು ರೋಗದ ಎಲೆ ತೋರಿಸಿ ಕೃಷಿ ವಿಜ್ಞಾನ ಕೇಂದ್ರದವರ ಹತ್ತಿರ ಕೇಳಿಯೇ ನಿರ್ಧರಿಸಿ.

ಎಲೆಯಲ್ಲಿ ಹಸಿರು–ತಿಳಿಹಸಿರು ತೇಪೆ, ಸುಕ್ಕು, ಎಲೆ ಕಿರಿದಾಗುವುದು ಕಂಡರೆ ನಂಜುರೋಗ. ಅದಕ್ಕೆ ಮದ್ದಿಲ್ಲ. ಆ ಬುಡದ ಗೆಡ್ಡೆಯನ್ನು ಬೇಯಿಸಿ ತಿನ್ನಬಹುದು, ಬಿತ್ತನೆಗೆ ಮಾತ್ರ ಇಡಬಾರದು.

ಬಳ್ಳಿ ಸೊಂಪಾಗಿದೆ, ಅಗೆದರೆ ಗೆಡ್ಡೆಯೇ ಇಲ್ಲ

ಈ ದೂರು ಬರುವುದು ಜನವರಿಯಲ್ಲಿ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಇದರ ಸುಳಿವುಗಳನ್ನು ಆಗಸ್ಟ್‌ನಲ್ಲೇ ಹುಡುಕಬೇಕು.

ಬಳ್ಳಿಗೆಣಸು ಮೊದಲ ಮೂರು ತಿಂಗಳು ಎಲೆ ಕಟ್ಟುತ್ತದೆ. ಹಗಲು ಕಿರಿದಾಗುತ್ತಾ ಹೋದಂತೆ, ಅಂದರೆ ಗೌರಿ–ಗಣೇಶ ಹಬ್ಬದಿಂದ ಮುಂದಕ್ಕೆ, ಗೆಡ್ಡೆ ದಪ್ಪವಾಗುವ ಕೆಲಸ ಜೋರಾಗುತ್ತದೆ. ಆ ಹೊತ್ತಿಗೆ ಸಾಕಷ್ಟು ಎಲೆ ಸಿದ್ಧವಿರಬೇಕು, ಮತ್ತು ಬಳ್ಳಿ ಎಲೆ ಬೆಳೆಸುವುದನ್ನು ಕಡಿಮೆ ಮಾಡಬೇಕು. ಸೆಪ್ಟೆಂಬರಿನಲ್ಲಿ ಬಳ್ಳಿ ಸ್ವಲ್ಪ ತೆಳುವಾಗಿದೆ ಅಂತ ಯೂರಿಯಾ ಕೊಟ್ಟರೆ ಅದು ಮತ್ತೆ ಎಲೆ ಕಟ್ಟಲು ಹೊರಡುತ್ತದೆ, ಗೆಡ್ಡೆ ಹಿಂದೆ ಬೀಳುತ್ತದೆ. ಹಾಗಾಗಿ ಆಗಸ್ಟ್ ಮಧ್ಯ ದಾಟಿದ ಮೇಲೆ ಸಾರಜನಕ ಕೊಡಬೇಡಿ ಅಂತಲೇ ನಾನು ಹೇಳುವುದು.

ಇನ್ನೊಂದು ಕಾರಣ ತಡವಾದ ನಾಟಿ. ನಾಲೆ ನೀರು ಬಿಟ್ಟ ಮೇಲೆ ನೋಡೋಣ ಅಂತ ಜುಲೈ ಕೊನೆಗೆ ನೆಟ್ಟರೆ ಬಳ್ಳಿಗೆ ಎಲೆ ಕಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಮೂರನೆಯದು ನೆರಳು. ತೆಂಗಿನ ತೋಟದಲ್ಲಿ ಹೆಗ್ಗೆಣಸು ಚೆನ್ನಾಗಿ ಬರುತ್ತದೆ, ಆದರೆ ಬಿಸಿಲು ಇಳಿಯುವಷ್ಟು ಅಂತರ ಇರಬೇಕು. ಮಧ್ಯಾಹ್ನ ನೆಲದ ಮೇಲೆ ಬಿಸಿಲಿನ ತೇಪೆಗಳೇ ಕಾಣದ ತೋಟ ಇದಕ್ಕೆ ಬೇಡ. ಆಸರೆ ಇಲ್ಲದೆ ಬಳ್ಳಿ ಒಂದರ ಮೇಲೊಂದು ಗುಡ್ಡೆಯಾದಾಗಲೂ ಹೀಗೇ ಆಗುತ್ತದೆ: ಮೇಲೆ ಹಸಿರು, ಒಳಗೆಲ್ಲ ಬಿಸಿಲು ಕಾಣದ ಎಲೆ.

ಆಸರೆಗೆ ಬಿದಿರು, ಕೋಲು ಆಗುತ್ತದೆ. ಬಡ ಮಣ್ಣಿನವರಿಗೆ ನನ್ನ ಸಲಹೆ ಗ್ಲಿರಿಸಿಡಿಯಾ, ನಮ್ಮವರು ಗೊಬ್ಬರದ ಗಿಡ ಅನ್ನುವುದು ಅದನ್ನೇ. ಸಾಲಿನಲ್ಲಿ ನೆಟ್ಟು, ಒಂದೆರಡು ವರ್ಷ ಬಲಿತ ಮೇಲೆ ಅದಕ್ಕೆ ಬಳ್ಳಿ ಹಬ್ಬಿಸಬಹುದು. ರೆಂಬೆ ಸವರಿ ಸೊಪ್ಪನ್ನು ಬುಡಕ್ಕೆ ಹಾಕಿದರೆ ಹಸಿರೆಲೆ ಗೊಬ್ಬರವೂ ಆಯಿತು, ನೆರಳೂ ಕಡಿಮೆಯಾಯಿತು.

ಗೆಡ್ಡೆ ಸೊಟ್ಟ, ಕವಲು, ಗಂಟು, ತೂತು

ಗೆಡ್ಡೆ ಒಂದು ಆಳದವರೆಗೆ ನೆಟ್ಟಗೆ ಇಳಿದು, ಆಮೇಲೆ ಚಪ್ಪಟೆಯಾಗಿ ಅಥವಾ ಕವಲೊಡೆದು ಅಡ್ಡಕ್ಕೆ ಹೋಗಿದ್ದರೆ ಕೆಳಗೆ ಗಟ್ಟಿ ಪದರವಿದೆ. ವರ್ಷಗಟ್ಟಲೆ ಕೆಸರು ತುಳಿದು ಭತ್ತ ಬೆಳೆದ ಗದ್ದೆಗಳಲ್ಲಿ ಸಾಲುಗೆರೆಯ ಕೆಳಗೆ, ಒಂದು ಗೇಣಿನ ಆಸುಪಾಸಿನಲ್ಲಿ, ಈ ಪದರ ಕೂತಿರುತ್ತದೆ. ಮಳೆ ಬಿದ್ದ ಮಾರನೇ ದಿನ ಹಾರೆಯನ್ನು ನೆಟ್ಟಗೆ ಒತ್ತಿ ನೋಡಿ. ಸಲೀಸಾಗಿ ಇಳಿದು ಒಂದು ಕಡೆ ಠಕ್ಕನೆ ನಿಂತರೆ ಪದರ ಸಿಕ್ಕಿತು. ಕೆಲವು ತಳಿಗಳ ಗೆಡ್ಡೆ ಹುಟ್ಟಿನಿಂದಲೇ ಕವಲಾಗಿರುತ್ತದೆ, ಅದು ದೋಷವಲ್ಲ. ನೆಟ್ಟ ಗೆಡ್ಡೆಯ ಆಕಾರ ನೆನಪಿಟ್ಟುಕೊಂಡಿದ್ದರೆ ಈ ಗೊಂದಲ ಬರುವುದಿಲ್ಲ. ಒಳಗಿನ ತಿರುಳು ನೇರಳೆ ಬಣ್ಣ ಇದ್ದರೂ ಹೆದರಬೇಡಿ, ಹೆಗ್ಗೆಣಸಿನಲ್ಲಿ ಅಂಥ ತಳಿಗಳಿವೆ.

ಸಿಪ್ಪೆಯ ಮೇಲೆ ನರೂಲಿ ಥರ ಗಂಟು ಎದ್ದು, ಗಂಟಿನಿಂದ ಸಣ್ಣ ಬೇರು ಹೊರಟಿದ್ದರೆ ಬೇರುಗಂಟು ಜಂತುಹುಳು. ಹಿಂದಿನ ಬೆಳೆ ಟೊಮೆಟೊ, ಬದನೆ ಆಗಿತ್ತೇ? ಹುಣಸೂರು, ಪಿರಿಯಾಪಟ್ಟಣದ ಕಡೆಯಾದರೆ ಹೊಗೆಸೊಪ್ಪು ಆಗಿತ್ತೇ? ಹೌದಾದರೆ ಮೂಲ ಅಲ್ಲೇ ಇದೆ. ಆ ತಾಕಿನಲ್ಲಿ ಮುಂದಿನ ಸಲ ಚೆಂಡು ಹೂ ಬೆಳೆದು, ಬಳ್ಳಿಗೆಣಸನ್ನು ಬೇರೆ ಕಡೆಗೆ ಒಯ್ಯಿರಿ. ಗಂಟಿನ ಗೆಡ್ಡೆಯನ್ನು ಬಿತ್ತನೆಗೆ ಇಟ್ಟರೆ ಹುಳುವನ್ನೂ ಹೊಸ ಜಾಗಕ್ಕೆ ಹೊತ್ತುಕೊಂಡು ಹೋದಂತೆ.

ದುಂಡು ತೂತುಗಳಿದ್ದರೆ ಗೊಣ್ಣೆಹುಳು. ಅರೆಬೆಂದ ತಿಪ್ಪೆಗೊಬ್ಬರ ಗುಂಡಿಗೆ ಹಾಕಿದ ಕಡೆ, ಕಬ್ಬಿನ ಗದ್ದೆಯ ಪಕ್ಕದ ತಾಕಿನಲ್ಲಿ ಇದನ್ನು ನಿರೀಕ್ಷಿಸಿ. ಹಲ್ಲಿನ ಗುರುತಿದ್ದರೆ ಇಲಿ, ಹೆಗ್ಗಣ. ಇಡೀ ಬುಡವೇ ಬಗೆದು ಹೋಗಿದ್ದರೆ ಕಾಡುಹಂದಿ. ಅದಕ್ಕೆ ಬೇಲಿ ಬೇಕು.

ಈ ಮಣ್ಣಿಗೆ ಈ ಜಾತಿ ಸರಿಯೇ?

ಕೆಲವೊಮ್ಮೆ ಮಣ್ಣಿನಲ್ಲೂ ತಪ್ಪಿಲ್ಲ, ಬೇಸಾಯದಲ್ಲೂ ತಪ್ಪಿಲ್ಲ. ಆ ಮಣ್ಣಿಗೂ ನೆಟ್ಟ ಜಾತಿಗೂ ಹೊಂದಾಣಿಕೆ ಇಲ್ಲ ಅಷ್ಟೇ. ಆಫ್ರಿಕಾದ ಬಿಳಿ ಬಳ್ಳಿಗೆಣಸು ಫಲವತ್ತಾದ ಮಣ್ಣು ಬೇಡುತ್ತದೆ. ಹೆಗ್ಗೆಣಸು ಅದಕ್ಕಿಂತ ಬಡ ಮಣ್ಣನ್ನು ತಾಳಿಕೊಳ್ಳುತ್ತದೆ, ಆದರೆ ಗೆಡ್ಡೆ ಇಳಿಯಲು ಆಳ ಬೇಕು. ಮುಳ್ಳುಗೆಣಸಿನ ಗೆಡ್ಡೆಗಳು ಮೇಲುಮಣ್ಣಿನಲ್ಲೇ ಗೊಂಚಲಾಗುವುದರಿಂದ ಆಳವಿಲ್ಲದ ನೆಲದಲ್ಲೂ ದಿಬ್ಬ ಮಾಡಿ ಬೆಳೆಯಬಹುದು.

ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963 ರಿಂದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಂದ ಬಂದ ಹೆಗ್ಗೆಣಸಿನ ತಳಿಗಳಲ್ಲಿ ಶ್ರೀ ಕೀರ್ತಿ ತೆಂಗು, ಬಾಳೆ ತೋಟದ ನಡುವೆ ಬೆಳೆಯಲು ಹೊಂದುತ್ತದೆ. ಶ್ರೀ ರೂಪ, ಶ್ರೀ ಶಿಲ್ಪ, ಶ್ರೀ ಕಾರ್ತಿಕ ಕೂಡ ಹೆಗ್ಗೆಣಸುಗಳೇ. ಮುಳ್ಳುಗೆಣಸಿನಲ್ಲಿ ಶ್ರೀಲತಾ, ಶ್ರೀ ಕಲಾ ಇವೆ. ಬಿಳಿ ಬಳ್ಳಿಗೆಣಸಿನಲ್ಲಿ ಶ್ರೀ ಧನ್ಯ ಗಿಡ್ಡ ತಳಿ, ಪೊದೆಯಾಗಿ ಬೆಳೆಯುತ್ತದೆ, ಆಸರೆ ಬೇಡ. ಆಸರೆ ಬೇಡ ಅನ್ನುವ ಒಂದೇ ಆಸೆಗೆ ಗರಸು ನೆಲದಲ್ಲಿ ಅದನ್ನು ಹಾಕಬೇಡಿ. ಹಾಕುವುದಾದರೆ ಗುಂಡಿಗೆ ಗೊಬ್ಬರ ಧಾರಾಳವಾಗಿ ಕೊಡಿ. ಮೈಸೂರಿನ ಗೆಡ್ಡೆ–ಗೆಣಸು ಮೇಳಗಳಲ್ಲಿ ನಾಟಿ ತಳಿಗಳು ಸಿಗುತ್ತವೆ. ಕೊಳ್ಳುವಾಗ ಯಾವ ಊರು, ಯಾವ ಥರದ ಮಣ್ಣು ಅಂತ ಕೇಳಿ. ಮಲೆನಾಡಿನ ತೇವದಲ್ಲಿ ಬೆಳೆದದ್ದು 700–800 ಮಿಲಿಮೀಟರ್ ಮಳೆಯ ನಮ್ಮ ಹೊಲಕ್ಕೆ ಬಂದರೆ ನೀರಿನ ಅನುಕೂಲ ಬೇಕಾಗುತ್ತದೆ.

ಹಸಿವೇ ಅಂತ ಖಚಿತವಾದರೆ

ಮಣ್ಣು ಪರೀಕ್ಷೆಗೆ ಒಂದು ಗೇಣಿನ ಆಳದವರೆಗಿನ ಮಣ್ಣು ತೆಗೆದು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ, ಮರದ ಕೆಳಗಿನ ಮಣ್ಣು ಬೇಡ. ಚೀಟಿಯಲ್ಲಿ ಮೊದಲು ಸಾವಯವ ಇಂಗಾಲ ನೋಡಿ. 0.5 ಶೇಕಡಾಗಿಂತ ಕಡಿಮೆ ಇದ್ದರೆ ಬಡ ಮಣ್ಣು. ಆಮೇಲೆ ರಸಸಾರ ನೋಡಿ. ಸಾರಜನಕ ಹೆಕ್ಟೇರಿಗೆ 280 ಕೆಜಿಗಿಂತ ಕಡಿಮೆ ಅಂತ ಇದ್ದರೆ ಅದು ಕೊರತೆ.

ಇಡೀ ಹೊಲವನ್ನು ಒಂದೇ ವರ್ಷದಲ್ಲಿ ಸಿರಿವಂತ ಮಾಡಲು ಆಗುವುದಿಲ್ಲ, ಆದರೆ ಗುಂಡಿಯನ್ನು ಮಾಡಬಹುದು. ಬಳ್ಳಿಗೆಣಸಿನ ಅನುಕೂಲವೇ ಅದು. 90 ಸೆಂ.ಮೀ. ಅಂತರದಲ್ಲಿ 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಎಕರೆಗೆ ಸುಮಾರು 5000 ಗುಂಡಿಗಳಾಗುತ್ತವೆ. ಮೇಲುಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮೇಲೆ ದಿಬ್ಬ ಮಾಡಿ. ಸಾಮಾನ್ಯ ಶಿಫಾರಸು ಗುಂಡಿಗೆ 1 ರಿಂದ 1.25 ಕೆಜಿ. ಗರಸು ನೆಲಕ್ಕೆ 2 ಕೆಜಿ ಕೊಟ್ಟರೆ ಒಳ್ಳೆಯದು. ಬೇಸಿಗೆಯಲ್ಲಿ ಕೆರೆಗೋಡು (ಕೆರೆಯ ಹೂಳು) ಸಿಕ್ಕರೆ ಕೆಂಪು ಮರಳು ಮಣ್ಣಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎರೆಭೂಮಿಗೆ ಅದು ಬೇಡ, ಅಲ್ಲಿ ಅಂಟು ಈಗಾಗಲೇ ಜಾಸ್ತಿ. ಹೊಂಗೆಸೊಪ್ಪು ಸಿಕ್ಕರೆ ನಾಟಿಗೆ ಮೂರ್ನಾಲ್ಕು ವಾರ ಮೊದಲೇ ಗುಂಡಿಗೆ ಹಾಕಿ, ಮಣ್ಣು ಮುಚ್ಚಿ, ನೀರು ಕೊಟ್ಟು ಕೊಳೆಯಲು ಬಿಡಿ.

ರಾಸಾಯನಿಕ ಗೊಬ್ಬರ ಹಾಕುವವರಿಗೆ ಲೆಕ್ಕ ಹೀಗಿದೆ. ಶಿಫಾರಸು ಹೆಕ್ಟೇರಿಗೆ 80 ಕೆಜಿ ಸಾರಜನಕ, 60 ಕೆಜಿ ರಂಜಕ, 80 ಕೆಜಿ ಪೊಟ್ಯಾಷ್. ಎಕರೆಗೆ ಇಳಿಸಿದರೆ ಸುಮಾರು 70 ಕೆಜಿ ಯೂರಿಯಾ, 150 ಕೆಜಿ ಸೂಪರ್ ಫಾಸ್ಫೇಟ್, 53 ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಒಂದು ಬುಡಕ್ಕೆ 14 ಗ್ರಾಂ, 30 ಗ್ರಾಂ, 10–11 ಗ್ರಾಂ ಬರುತ್ತದೆ. ಮೊಳಕೆ ಬಂದ ವಾರದಲ್ಲಿ ರಂಜಕ ಪೂರ್ತಿ, ಉಳಿದೆರಡರ ಅರ್ಧ. ಒಂದು ತಿಂಗಳ ನಂತರ ಇನ್ನರ್ಧ ಅನ್ನುವುದು ಪುಸ್ತಕದ ಕ್ರಮ. ಮರಳು ಮಣ್ಣಿನಲ್ಲಿ ನಾನಾದರೆ ಮೊದಲ ಕಂತನ್ನು ಕಾಲು ಭಾಗಕ್ಕೆ ಇಳಿಸಿ, ಉಳಿದ ಮುಕ್ಕಾಲನ್ನು ಎರಡು ಸಲಕ್ಕೆ ಹಂಚುತ್ತೇನೆ. ಆರಂಭದಲ್ಲಿ ಬಳ್ಳಿಗೆ ಬಿತ್ತನೆ ತುಂಡಿನ ಆಧಾರ ಇರುತ್ತದೆ, ಕೊಟ್ಟದ್ದರಲ್ಲಿ ಬಹುಪಾಲು ಮಳೆಗೆ ತೊಳೆದುಹೋಗುತ್ತದೆ. ಗೊಬ್ಬರ ಬುಡಕ್ಕೆ ತಾಗದ ಹಾಗೆ ಒಂದು ಗೇಣು ದೂರ ಹಾಕಿ ಮಣ್ಣು ಏರಿಸಿ.

ಚೌಳು ನೆಲಕ್ಕೆ ಈ ಲೆಕ್ಕದಿಂದ ಪ್ರಯೋಜನವಿಲ್ಲ. ಮೊದಲು ಬಸಿಗಾಲುವೆ, ಪರೀಕ್ಷೆಯ ಪ್ರಕಾರ ಜಿಪ್ಸಂ, ಒಂದು ಬೆಳೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಸೇರಿಸುವುದು. ಗೆಣಸು ಆಮೇಲೆ. ಕೆಂಪು ನೆಲದಲ್ಲಾದರೆ ಹಿಂದಿನ ಮುಂಗಾರಿಗೆ ಅಪ್ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಉಳುಮೆ ಮಾಡಿದರೆ ಮುಂದಿನ ವರ್ಷದ ಬಳ್ಳಿಯಲ್ಲೇ ವ್ಯತ್ಯಾಸ ಕಾಣುತ್ತದೆ.

ಬಿತ್ತನೆ ಗೆಡ್ಡೆ ಆರಿಸುವ ಹೊತ್ತು

ದಪ್ಪ ಗೆಡ್ಡೆಗಳನ್ನು ಮಾರುಕಟ್ಟೆಗೆ ಕಳಿಸಿ, ಉಳಿದ ಚಿಕ್ಕವನ್ನು ಬಿತ್ತನೆಗೆ ಇಡುವ ರೂಢಿ ಇದೆ. ಚಿಕ್ಕದಾಗಲು ಕಾರಣ ನಂಜುರೋಗವೋ ಜಂತುಹುಳುವೋ ಆಗಿದ್ದರೆ ವರ್ಷವರ್ಷವೂ ಅದನ್ನೇ ಆರಿಸಿದಂತಾಗುತ್ತದೆ. ನಾಲ್ಕು ವರ್ಷದಲ್ಲಿ ಇಳುವರಿ ಕುಸಿದಾಗ “ಮಣ್ಣು ಸತ್ತುಹೋಯಿತು” ಅಂತ ಮಣ್ಣಿನ ಮೇಲೆ ತಪ್ಪು ಹಾಕುತ್ತೇವೆ.

ಆಗಸ್ಟ್‌ನಲ್ಲಿ, ಬಳ್ಳಿ ಇನ್ನೂ ಹಸಿರಿರುವಾಗಲೇ ತಾಕು ಸುತ್ತಿ ನೋಡಿ. ಸುಕ್ಕಿಲ್ಲದ, ಚಿಬ್ಬು ಕಡಿಮೆ ಇರುವ, ಬಣ್ಣ ಉಳಿಸಿಕೊಂಡ ಬುಡಗಳ ಕೋಲಿಗೆ ಬಟ್ಟೆ ಚೂರು ಕಟ್ಟಿ. ಬಳ್ಳಿ ಪೂರ್ತಿ ಒಣಗಿದ ಮೇಲೆ ಅವುಗಳನ್ನು ಬೇರೆಯಾಗಿ, ಗಾಯವಾಗದಂತೆ ಅಗೆಯಿರಿ. ಸಿಪ್ಪೆಯ ಮೇಲೆ ಬಿಳಿ ಹಿಟ್ಟು ತಿಗಣೆ, ಅಂಟಿಕೊಂಡ ಶಲ್ಕ ಕೀಟ ಇದ್ದರೆ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ, ಜಾಸ್ತಿ ಇದ್ದರೆ ಆ ಗೆಡ್ಡೆಯನ್ನು ಅಡುಗೆಗೆ ಕಳಿಸಿ. ಉಳಿದವನ್ನು ಗಾಳಿಯಾಡುವ ನೆರಳಿನಲ್ಲಿ, ನೆಲಕ್ಕೆ ತಾಗದ ಅಟ್ಟದ ಮೇಲೆ ಒಂದೇ ಪದರವಾಗಿ ಹರಡಿ. ಗೋಣಿಚೀಲದಲ್ಲಿ ತುಂಬಿಟ್ಟರೆ ಬಿಸಿಯಾಗಿ ಒಳಗಿನಿಂದ ಕೊಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ತಿರುವಿ ನೋಡಿ, ಮೆತ್ತಗಾದದ್ದನ್ನು ಆಗಲೇ ಹೊರಗೆ ಹಾಕಿ.